ಖರೆ ಹರಳು, ಕೊಟ್ಟ ಬಣ್ಣ

ನಮ್ಮ ಕಡೆ ಹರಳಿಗೆ ಎರಡೇ ಹೆಸರು: ಒಂದು ಖರೆ, ಇನ್ನೊಂದು ಖೊಟ್ಟಿ. ಸವದತ್ತಿಯ ಪೇಟೆಯಲ್ಲಾಗಲಿ ಮುನವಳ್ಳಿಯ ಪತ್ತಾರರ ಅಂಗಡಿಯಲ್ಲಾಗಲಿ, ಉಂಗುರವನ್ನು ಬೆಳಕಿಗೆ ಹಿಡಿದವರು ಕೇಳುವುದು ಇದೊಂದೇ ಪ್ರಶ್ನೆ. ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಯ ಹೊತ್ತಿಗೆ ಬಳೆ, ಭಂಡಾರ, ಕುಂಕುಮದ ಜೊತೆಗೆ ಬಣ್ಣಬಣ್ಣದ ಹರಳಿನ ಉಂಗುರಗಳನ್ನೂ ರಾಶಿ ಹಾಕಿ ಮಾರುತ್ತಾರೆ. ಅಲ್ಲಿ ಮಾತ್ರ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದು ಗಾಜು ಎಂಬುದು ಮಾರುವವನಿಗೂ ಗೊತ್ತು, ಕೊಳ್ಳುವವಳಿಗೂ ಗೊತ್ತು. ಇಡೀ ಅಂಗಡಿಯೇ ಖೊಟ್ಟಿ ಸಾಮಾನಿನದಾದರೂ ಅಲ್ಲಿ ಮೋಸ ಎನ್ನುವುದು ಇಲ್ಲ. ಖೊಟ್ಟಿ ಬೇರೆ, ಮೋಸ ಬೇರೆ ಎಂಬ ಈ ಸಣ್ಣ ಸಂಗತಿ ಜಾತ್ರೆಗೆ ಹೋದ ಪ್ರತಿಯೊಬ್ಬರಿಗೂ ತಿಳಿದಿರುತ್ತದೆ. ತತ್ವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾದ ನಾನು ಮಾತ್ರ ಅದನ್ನು ಪುಸ್ತಕಗಳಲ್ಲಿ ಹುಡುಕುತ್ತ ಕೂತಿದ್ದೇನೆ.

ಈಗ ಈ ಎರಡು ಹೆಸರುಗಳ ನಡುವೆ ಮೂರನೆಯದೊಂದು ಬಂದಿದೆ, ಅದಕ್ಕೆ ನಮ್ಮಲ್ಲಿ ಇನ್ನೂ ಹೆಸರಿಲ್ಲ. ಕಲ್ಲು ಖರೇ ವಜ್ರವೇ. ಭೂಮಿಯ ಒಳಗೆ ನೂರೈವತ್ತು ಕಿಲೋಮೀಟರಿಗೂ ಆಳದಲ್ಲಿ, ನೂರು ಕೋಟಿ ವರ್ಷಕ್ಕೂ ಹಿಂದೆ ಹರಳುಗಟ್ಟಿದ್ದು, ಗಣಿಯಿಂದ ತೆಗೆದದ್ದು. ಆದರೆ ಅದರ ಬಣ್ಣವನ್ನು ಕೊಟ್ಟದ್ದು ಮೊನ್ನೆ ಮೊನ್ನೆ, ಪ್ರಯೋಗಾಲಯದಲ್ಲಿ. ಪ್ರಯೋಗಾಲಯದಲ್ಲೇ ಬೆಳೆಸಿದ ವಜ್ರದ ಮಾತು ಬೇರೆ, ಅದನ್ನು ನಾನಿಲ್ಲಿ ಎತ್ತುತ್ತಿಲ್ಲ. ನನ್ನನ್ನು ಕಾಡುವುದು ಈ ನಡುವಿನ ಕಲ್ಲು. ಇದನ್ನು ಖರೆ ಅಂದರೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ, ಖೊಟ್ಟಿ ಅಂದರೆ ಅನ್ಯಾಯವಾಗುತ್ತದೆ.

ಬಣ್ಣ ಕೊಡುವುದೆಂದರೆ ಮೇಲೆ ಬಳಿಯುವುದಲ್ಲ. ಬಳಿಯುವ, ತೆಳು ಪದರ ಹಚ್ಚುವ ಉಪಾಯಗಳೂ ಇವೆ, ಅವು ಹಳೆಯವು. ನಮ್ಮ ಕುಂದಣದ ಕೆಲಸದಲ್ಲಿ ಹರಳಿನ ಹಿಂದೆ ಹೊಳೆಯುವ ತೆಳು ತಗಡನ್ನಿಟ್ಟು ಮುಚ್ಚಿ ಕೂರಿಸುವುದೂ ಬಣ್ಣಕ್ಕೆ ಕೊಡುವ ಒತ್ತಾಸೆಯೇ. ಈಗಿನದು ಕಲ್ಲಿನ ಒಳಗೇ ನಡೆಯುವ ಕೆಲಸ. ಒಂದು ವಿಧಾನದಲ್ಲಿ ವಜ್ರದ ಮೇಲೆ ಎಲೆಕ್ಟ್ರಾನುಗಳನ್ನು ಭಾರಿ ವೇಗದಲ್ಲಿ ಹಾಯಿಸುತ್ತಾರೆ. ಅವುಗಳ ಹೊಡೆತಕ್ಕೆ ಅಲ್ಲೊಂದು ಇಲ್ಲೊಂದು ಇಂಗಾಲದ ಪರಮಾಣು ತನ್ನ ಜಾಗ ಬಿಟ್ಟು ಸರಿಯುತ್ತದೆ, ಅಲ್ಲಿ ಒಂದು ಖಾಲಿ ಉಳಿಯುತ್ತದೆ. ಆ ಖಾಲಿ ಜಾಗಗಳು ಬೆಳಕಿನ ಕೆಂಪು ಭಾಗವನ್ನು ನುಂಗುವುದರಿಂದ ಕಲ್ಲು ನೀಲಿಯಾಗಿಯೋ ಹಸಿರಾಗಿಯೋ ಕಾಣುತ್ತದೆ. ಆಮೇಲೆ ಹದವಾಗಿ ಕಾಯಿಸಿದರೆ ಖಾಲಿಗಳು ಜರುಗಿ, ವಜ್ರದೊಳಗೆ ಮೊದಲೇ ಇದ್ದ ಸಾರಜನಕದ ಪಕ್ಕ ಹೋಗಿ ನಿಲ್ಲುತ್ತವೆ. ಆಗ ಬಣ್ಣ ಹಳದಿಗೋ ಕಿತ್ತಳೆಗೋ, ಕೆಲವು ಕಲ್ಲುಗಳಲ್ಲಿ ಗುಲಾಬಿಗೋ ತಿರುಗುತ್ತದೆ. ಹೊರಗಿನಿಂದ ಏನನ್ನೂ ಸೇರಿಸಿಲ್ಲ, ಬಣ್ಣ ಬಂದದ್ದು ಇಲ್ಲದ್ದರಿಂದ. ಕನ್ನಡದಲ್ಲಿ ‘ಬಣ್ಣ ಬಯಲಾಯಿತು’ ಎಂದರೆ ಗುಟ್ಟು ಹೊರಬಿತ್ತು ಎಂದರ್ಥ. ಇಲ್ಲಿ ಬಯಲೇ ಬಣ್ಣವಾಗಿದೆ. ಅಲ್ಲಮನನ್ನು ಓದುವವರಿಗೆ ಈ ವಿಧಾನ ಹಿಡಿಸಬೇಕು.

ಎರಡನೆಯ ವಿಧಾನ ಇದಕ್ಕಿಂತ ವಿಚಿತ್ರ. ಗಣಿಯಿಂದ ಬರುವ ವಜ್ರಗಳಲ್ಲಿ ಕಂದು ಬಣ್ಣದವು ಬಹಳ, ಅವಕ್ಕೆ ಬೆಲೆ ಕಡಿಮೆ. ಅವುಗಳಲ್ಲಿ ಕೆಲವು ರಾಸಾಯನಿಕವಾಗಿ ಅತ್ಯಂತ ಶುದ್ಧ, ಒಳಗೆ ಸಾರಜನಕವೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಕಂದು ಎಲ್ಲಿಂದ ಬಂತು? ಭೂಮಿಯ ಒತ್ತಡಕ್ಕೆ ಸಿಕ್ಕು ಹರಳಿನ ಜೋಡಣೆ ಒಳಗೊಳಗೇ ತಿರುಚಿಕೊಂಡದ್ದರಿಂದ. ಅಂದರೆ ಅದು ಕಲ್ಲು ಉಂಡ ಪೆಟ್ಟಿನ ಕಲೆ, ಕೊಳೆಯಲ್ಲ. ಇಂಥ ಕಲ್ಲನ್ನು ಸುಮಾರು 2000 ಡಿಗ್ರಿಗೂ ಮೇಲೆ ಕಾಯಿಸಿ, ವಾತಾವರಣದ ಒತ್ತಡದ ಐವತ್ತು ಅರವತ್ತು ಸಾವಿರ ಪಟ್ಟು ಒತ್ತಿ ಹಿಡಿದರೆ ಕಂದು ಹೋಗಿ ಕಲ್ಲು ತಿಳಿನೀರಿನಂತಾಗುತ್ತದೆ. ಬಂಗಾರವನ್ನು ಪುಟಕ್ಕಿಟ್ಟರೆ ಅದರ ನಿಜ ಹೊರಗೆ ಬರುತ್ತದೆ ಎಂದು ನಾವು ಸಾವಿರ ವರ್ಷದಿಂದ ಹೇಳುತ್ತಾ ಬಂದಿದ್ದೇವೆ. ಇಲ್ಲಿ ಪುಟಕ್ಕಿಟ್ಟದ್ದು ವಜ್ರ. ಬೆಂಕಿ ಅದರ ನಿಜವನ್ನು ತೋರಿಸಿತೋ, ಅಳಿಸಿತೋ? ಎರಡೂ ಹೌದೆಂದೇ ನನಗೆ ಕಾಣುತ್ತದೆ. ಶುದ್ಧ ಇಂಗಾಲ ಎಂಬ ಒಂದು ನಿಜ ಎದ್ದು ಕಂಡಿತು, ತಿರುಚಿಕೊಂಡು ಬದುಕಿ ಬಂದದ್ದು ಎಂಬ ಇನ್ನೊಂದು ನಿಜ ಮರೆಯಾಯಿತು.

ಇದೆಲ್ಲ ಮನುಷ್ಯನ ಕಿತಾಪತಿ, ಪ್ರಕೃತಿ ಹೀಗೆ ಮಾಡುವುದಿಲ್ಲ ಎಂದು ಕೈ ತೊಳೆದುಕೊಳ್ಳೋಣವೆಂದರೆ ಅದೂ ಆಗುವುದಿಲ್ಲ. ಜರ್ಮನಿಯ ಡ್ರೆಸ್ಡೆನ್ನಿನಲ್ಲಿರುವ, ಭಾರತದಿಂದಲೇ ಹೋದದ್ದೆಂದು ಹೇಳಲಾಗುವ 41 ಕ್ಯಾರೆಟ್ಟಿನ ಹಸಿರು ವಜ್ರ ಹಸಿರಾದದ್ದು ಭೂಮಿಯೊಳಗಿನ ವಿಕಿರಣದಿಂದ. ಬಂಡೆಗಳಲ್ಲಿರುವ ಯುರೇನಿಯಮ್ಮಿನಂಥ ವಸ್ತುಗಳು ಯುಗಯುಗಗಳ ಕಾಲ ಮಾಡಿದ ಕೆಲಸವನ್ನು ಯಂತ್ರ ಕೆಲವೇ ತಾಸಿನಲ್ಲಿ ಮಾಡುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವಿಲಿಯಂ ಕ್ರುಕ್ಸ್ ವಜ್ರಗಳನ್ನು ರೇಡಿಯಂ ಲವಣದಲ್ಲಿ ಹೂತಿಟ್ಟು ಹಸಿರು ಮಾಡಿದ. ಆ ಕಲ್ಲುಗಳ ವಿಕಿರಣ ಇನ್ನೂ ಇಳಿದಿಲ್ಲ. ಈಗಿನ ಎಲೆಕ್ಟ್ರಾನಿನ ವಿಧಾನಕ್ಕೆ ಆ ಗಂಡಾಂತರವಿಲ್ಲ. ಹೀಗೆ ಹೊಡೆತವೂ ಒಂದೇ, ಖಾಲಿ ಜಾಗವೂ ಒಂದೇ, ಹಸಿರೂ ಒಂದೇ. ಹೊಡೆದವರು ಯಾರು, ಯಾವಾಗ ಎಂಬುದಷ್ಟೇ ವ್ಯತ್ಯಾಸ.

ಆ ವ್ಯತ್ಯಾಸಕ್ಕೆ ಪೇಟೆ ಕೊಡುವ ಬೆಲೆ ಕಂಡರೆ ತಲೆ ತಿರುಗುತ್ತದೆ. 1971ರಲ್ಲಿ ಜಿನೀವಾದ ಹರಾಜಿನಲ್ಲಿ ‘ಡೀಪ್‌ಡೀನ್’ ಎಂಬ 104.52 ಕ್ಯಾರೆಟ್ಟಿನ ಹಳದಿ ವಜ್ರ ಸಹಜ ಬಣ್ಣದ್ದೆಂದು ಮಾರಾಟವಾಯಿತು. ಆಮೇಲೆ ಸ್ವಿಟ್ಜರ್ಲೆಂಡಿನ ರತ್ನಶಾಸ್ತ್ರಜ್ಞ ಗ್ಯೂಬೆಲಿನ್ ಪರೀಕ್ಷಿಸಿದಾಗ ಬಣ್ಣ ವಿಕಿರಣದಿಂದ ಕೊಟ್ಟದ್ದೆಂದು ಗೊತ್ತಾಗಿ ವ್ಯಾಪಾರವೇ ಮುರಿದುಬಿತ್ತು. ಕಲ್ಲು ಮೊದಲು ಎಷ್ಟು ಹಳದಿಯಿತ್ತೋ ಆಮೇಲೂ ಅಷ್ಟೇ ಹಳದಿ. 1999ರ ಮಾರ್ಚಿನಲ್ಲಿ ಇನ್ನೊಂದು ಗದ್ದಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಕಂದು ವಜ್ರಗಳನ್ನು ತಿಳಿ ಮಾಡುವ ವಿಧಾನವನ್ನು ಕಂಡುಕೊಂಡಿದೆ, ಆ ಕಲ್ಲುಗಳನ್ನು ಲಜಾರೆ ಕಪ್ಲಾನ್ ಸಂಸ್ಥೆಯ ಅಂಗಸಂಸ್ಥೆ ಮಾರಲಿದೆ, ಆಗಿರುವ ಬದಲಾವಣೆ ಶಾಶ್ವತ, ಪತ್ತೆಹಚ್ಚಲಾಗದ್ದು ಎಂಬ ಸುದ್ದಿ ಬಂತು. ವಜ್ರದ ವ್ಯಾಪಾರಿಗಳು ಬೆಚ್ಚಿಬಿದ್ದರು. ಅವರನ್ನು ಬೆಚ್ಚಿಸಿದ್ದು ಬಣ್ಣ ಬದಲಾಗುತ್ತದೆ ಎಂಬುದಲ್ಲ, ಪತ್ತೆಯಾಗುವುದಿಲ್ಲ ಎಂಬುದು. ಕೊನೆಗೆ ಇಂಥ ಕಲ್ಲುಗಳ ಅಂಚಿನ ಮೇಲೆ ಲೇಸರಿನಿಂದ ಗುರುತು ಕೆತ್ತುವ ಏರ್ಪಾಡಾಯಿತು. ಪ್ರಯೋಗಾಲಯಗಳೂ ಪತ್ತೆಯ ದಾರಿಗಳನ್ನು ಕಂಡುಕೊಂಡವು. ಕಲ್ಲನ್ನು ದ್ರವ ಸಾರಜನಕದಲ್ಲಿ ತಣಿಸಿ, ಲೇಸರ್ ಹಾಯಿಸಿ, ಅದು ಮರಳಿ ಸೂಸುವ ಮಂದ ಬೆಳಕನ್ನು ಓದುವುದು ಅವುಗಳಲ್ಲೊಂದು.

ಹಾಗಾದರೆ ಹೇಳದೆ ಮಾರುವುದರಲ್ಲಿ ತಪ್ಪು ಎಲ್ಲಿದೆ? ಕಲ್ಲಿನಲ್ಲಂತೂ ಇಲ್ಲ. ಬೆಲ್ಲದ ಉದಾಹರಣೆ ತೆಗೆದುಕೊಳ್ಳಿ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಕಬ್ಬು ವಿಪರೀತ, ಬೆಲ್ಲದ ಗಾಣಗಳೂ ಇವೆ. ಒಳ್ಳೆಯ ಬೆಲ್ಲ ಕಂದಾಗಿರುತ್ತದೆ. ಗಿರಾಕಿಗೆ ಮಾತ್ರ ಹೊಂಬಣ್ಣದ್ದೇ ಬೇಕು. ಅದಕ್ಕಾಗಿ ಕೆಲವರು ಕೊಪ್ಪರಿಗೆಗೆ ಹೈಡ್ರೋಸ್ ಪುಡಿ ಹಾಕುತ್ತಾರೆ. ಕಂದು ಹೋಗಿ ಹಳದಿ ಬರುತ್ತದೆ. ಇದು ತಪ್ಪು ಎನ್ನಲು ತತ್ವಶಾಸ್ತ್ರ ಬೇಕಿಲ್ಲ, ತಿಂದವರ ಹೊಟ್ಟೆಗೆ ಅದು ಹೋಗುತ್ತದೆ. ವಜ್ರವನ್ನು ಯಾರೂ ತಿನ್ನುವುದಿಲ್ಲ. ಕಾಯಿಸಿದ ವಜ್ರ ಬೆರಳಿಗೆ ಏನೂ ಮಾಡುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿ: ಪೇಟೆಯಲ್ಲಿರುವ ಮಾಣಿಕ್ಯ, ನೀಲಗಳಲ್ಲಿ ಬಹುಪಾಲು ಕಾಯಿಸಿದವೇ. ಆ ವ್ಯಾಪಾರದಲ್ಲಿರುವವರಿಗೆಲ್ಲ ಇದು ಗೊತ್ತು, ಬೆಲೆಯೂ ಅದಕ್ಕೆ ಹೊಂದಿಕೊಂಡಿದೆ. ಕಾಯಿಸದೆಯೂ ಚೆಂದವಿರುವ ಮಾಣಿಕ್ಯಕ್ಕೇ ಪ್ರತ್ಯೇಕ ಚೀಟಿ ಬೇಕಾಗುತ್ತದೆ. ಬೆಂಕಿ ಎರಡು ಕಡೆಯೂ ಬೆಂಕಿಯೇ, ಒಂದು ಕಡೆ ಅದು ರೂಢಿ, ಇನ್ನೊಂದು ಕಡೆ ಹಗರಣ. ಹಾಗಾಗಿ ತಪ್ಪನ್ನು ಹುಡುಕಬೇಕಾದದ್ದು ಗೊತ್ತಿರುವವನ ಮತ್ತು ಗೊತ್ತಿಲ್ಲದವಳ ನಡುವಿನ ಜಾಗದಲ್ಲಿ, ಕುಲುಮೆಯಲ್ಲಲ್ಲ.

ನಮ್ಮ ಮನೆಯಲ್ಲಿ ಈ ಜಾಗ ಕಣ್ಣಿಗೆ ಕಂಡದ್ದು ಅಕ್ಕನ ನಿಶ್ಚಿತಾರ್ಥ ಆದಮೇಲೆ. ಪುಣೆಯಲ್ಲಿ ಕೆಲಸ ಮಾಡುವ ಭಾವ ಸಣ್ಣದೊಂದು ನೀಲಿ ವಜ್ರದ ಉಂಗುರ ತಂದಿದ್ದರು. ಊರಲ್ಲಿ ನೀಲಿ ವಜ್ರ ನೋಡಿದವರು ಯಾರೂ ಇರಲಿಲ್ಲ. ಬಂದ ಹೆಣ್ಣುಮಕ್ಕಳೆಲ್ಲ ಅಕ್ಕನ ಕೈ ಹಿಡಿದು ಹಿಡಿದು ನೋಡಿದರು. ವಾರದ ಮೇಲೆ ಕಾಕಾ ಡಬ್ಬಿಯ ತಳದಲ್ಲಿದ್ದ ಇಂಗ್ಲಿಷ್ ಚೀಟಿಯನ್ನು ಬಿಡಿಸಿ ಓದಿದರು. ಸಹಜ ವಜ್ರ ಎಂದಿತ್ತು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬಣ್ಣ ಸಂಸ್ಕರಿಸಿದ್ದು ಎಂದೂ ಇತ್ತು. ಸಹಜವಾಗಿ ನೀಲಿಯಾದ ವಜ್ರ ಬೋರಾನಿನಿಂದ ಹಾಗಾಗಿರುತ್ತದೆ, ಅಂಥದ್ದು ನಮ್ಮಂಥವರ ಮನೆಗೆ ಬರುವ ಕಲ್ಲಲ್ಲ. ಇದು ಎಲೆಕ್ಟ್ರಾನಿನ ನೀಲಿ. ಕಾಕಾ ಖೊಟ್ಟಿ ಎಂದೇ ಬಿಟ್ಟರು. ಭಾವನಿಗೆ ಫೋನು ಹೋಯಿತು. ಆತ ಸಮಾಧಾನವಾಗಿಯೇ, “ಅಂಗಡಿಯವರು ನನಗ ಹೇಳಿದ್ರರಿ ಅತ್ತಿ. ಚೀಟಿನೂ ಡಬ್ಬಿಯೊಳಗ ಇತ್ತಲ್ಲ. ನಾ ಏನೂ ಮುಚ್ಚಿಲ್ಲ” ಅಂದರು. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಹೇಳಿದ್ರ ನಾವೇನು ಬ್ಯಾಡ ಅಂತಿದ್ವೇನಪಾ? ನಮಗ ಓದಾಕ ಬರದ ಚೀಟಿಯೊಳಗ ಹೇಳಿದ್ರ ಅದು ಹೇಳಿಧಂಗ ಆಗತೈತೇನು?”

ನಾನು ಮೂರು ವರ್ಷದಿಂದ ಓದುತ್ತಿರುವ ಸತ್ಯ, ಸಂವಹನ, ಸಮ್ಮತಿಗಳ ಚರ್ಚೆಯೆಲ್ಲ ಅವ್ವನ ಈ ಒಂದು ಪ್ರಶ್ನೆಯಲ್ಲಿದೆ. ಅಮೆರಿಕದ ವ್ಯಾಪಾರ ನಿಯಮ ಬಹಳ ಸ್ಪಷ್ಟವಾಗಿದೆ. ಸಂಸ್ಕರಣೆ ಶಾಶ್ವತವಲ್ಲದಿದ್ದರೆ, ವಿಶೇಷ ಜೋಪಾನ ಬೇಕಿದ್ದರೆ, ಅಥವಾ ಬೆಲೆಯ ಮೇಲೆ ಗಣನೀಯ ಪರಿಣಾಮವಿದ್ದರೆ ಅದನ್ನು ಗಿರಾಕಿಗೆ ಹೇಳಬೇಕು. ಒಳ್ಳೆಯ ನಿಯಮವೇ. ಆದರೆ ನಿಯಮ ಚೀಟಿಯಲ್ಲಿ ಬರೆದಾಗ ತೀರುತ್ತದೆ, ಹೇಳುವುದು ಕೇಳಿದವರಿಗೆ ಮುಟ್ಟಿದಾಗ ತೀರುತ್ತದೆ. ಈ ಎರಡರ ನಡುವೆ ಎಷ್ಟೋ ಒಪ್ಪಂದಗಳು, ಸಾಲಪತ್ರಗಳು, ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಳ್ಳುವ ಹಾಳೆಗಳು ಬಿದ್ದಿವೆ. ಭಾವ ಅಂಗಡಿಯಲ್ಲಿ ತಿಳಿದುಕೊಂಡು ಕೊಂಡರು, ಆ ವ್ಯಾಪಾರ ಪೂರ್ಣವಾಯಿತು. ಉಂಗುರ ಮಾತ್ರ ಅಲ್ಲಿಂದ ಇನ್ನೊಂದು ಕೈಗೆ, ಇನ್ನೊಂದು ಮನೆಗೆ ದಾಟಿತು. ಕಲ್ಲು ದಾಟಿದಷ್ಟು ಸಲೀಸಾಗಿ ಅದರ ಕಥೆ ದಾಟಲಿಲ್ಲ.

ಕಥೆ ದಾಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಾನ-ಮರ್ಯಾದೆಗಿಂತ ಗಟ್ಟಿಯಾದ ಕಾರಣವೊಂದಿದೆ, ಅದನ್ನು ಕೊಟ್ಟವರು ನಮ್ಮ ಪತ್ತಾರರು. ಉಂಗುರ ಅಕ್ಕನಿಗೆ ಸಡಿಲಾಗುತ್ತಿತ್ತು. ಸಣ್ಣದು ಮಾಡಿಸಲು ಅವ್ವ ಒಯ್ದಳು. ಅವರು ಕಲ್ಲನ್ನು ನೋಡಿ ಬೆಸುಗೆಯ ಜ್ವಾಲೆಯನ್ನು ಆರಿಸಿ, “ಚೀಟಿ ಎಲ್ಲೈತ್ರೀ?” ಎಂದು ಕೇಳಿದರಂತೆ. ವಿಕಿರಣದಿಂದ ಕೊಟ್ಟ ಬಣ್ಣ ಹೆಚ್ಚಿನ ಕಾವಿಗೆ ಬದಲಾಗಬಲ್ಲದು. ಬಿಳಿ ವಜ್ರ ಎಂದೋ ಸಹಜ ನೀಲಿ ಎಂದೋ ತಿಳಿದು ಯಾರಾದರೂ ಎಂದಿನಂತೆ ಜ್ವಾಲೆ ಹಿಡಿದಿದ್ದರೆ ಬಣ್ಣ ಕೆಟ್ಟು, ತಪ್ಪು ಆ ಬಡ ಪತ್ತಾರರ ತಲೆಗೆ ಬರುತ್ತಿತ್ತು. ಹೇಳದೆ ಬಿಟ್ಟ ಸಂಗತಿಯ ದಂಡವನ್ನು ಕಟ್ಟುವವರು ಎಷ್ಟೋ ಸಲ ಆ ವ್ಯಾಪಾರದಲ್ಲಿ ಇರುವುದೇ ಇಲ್ಲ. ಅಕ್ಕ ಆ ಚೀಟಿಯ ಹಿಂದೆ ಪೆನ್ನಿನಿಂದ ಕನ್ನಡದಲ್ಲಿ ಬರೆದಿಟ್ಟಿದ್ದಾಳೆ: ಕಲ್ಲು ಖರೆ, ಬಣ್ಣ ಕೊಟ್ಟದ್ದು, ಬೆಂಕಿಗೆ ಹಿಡಿಯುವ ಮೊದಲು ಕಲ್ಲು ತೆಗೆಯಬೇಕು. ಉಂಗುರ ಅವಳ ಬೆರಳಲ್ಲೇ ಇದೆ, ಕಾಕಾ ಈಗಲೂ ಅದನ್ನು ಖೊಟ್ಟಿ ಅನ್ನುತ್ತಾರೆ.

ಕಾಕಾನ ಆ ಮಾತನ್ನು ಹಾಗೇ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದರ ಹಿಂದೆ ‘ಸಹಜ’ ಎಂಬುದರ ಬಗ್ಗೆ ಒಂದು ಭಕ್ತಿ ಇದೆ. ಮದುವೆಗೆ ಮುಂಚಿನ ಫೋಟೋ ತೆಗೆಸಲು ಅಕ್ಕ, ಭಾವ ನವಿಲುತೀರ್ಥಕ್ಕೆ ಹೋಗಿದ್ದರು, ಈಗ ನಮ್ಮ ಭಾಗದ ಜೋಡಿಗಳೆಲ್ಲ ಅಲ್ಲಿಗೇ ಹೋಗುವುದು. ಎರಡು ಗುಡ್ಡಗಳ ನಡುವಿನ ಕಣಿವೆ, ಕೆಂಪು ಛಾಯೆಯ ಬಂಡೆ, ಹಿಂದೆ ಕಣ್ಣು ಮುಟ್ಟುವವರೆಗೆ ನೀರು. ಫೋಟೋದ ಕೆಳಗೆ ‘ನಿಸರ್ಗದ ಮಡಿಲಲ್ಲಿ’ ಎಂದು ಬರೆದು ಹಾಕಿದರು. ಬಂಡೆಯ ಮಟ್ಟಿಗೆ ಅದು ನಿಜ. ಭೂವಿಜ್ಞಾನಿಗಳು ಸವದತ್ತಿ, ರಾಮದುರ್ಗಗಳ ಹೆಸರನ್ನೇ ಇಟ್ಟಿರುವ ಈ ಶಿಲಾಪದರಗಳು ನೂರು ಕೋಟಿ ವರ್ಷಕ್ಕೂ ಹಳೆಯವು. ನದಿಯೂ ನಿಜ, ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆ. ಆ ನೀರಿನ ಹರವು ಮಾತ್ರ ಮನುಷ್ಯನದು. 1972ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ನಿಂತ 37 ಟಿಎಂಸಿಗೂ ಹೆಚ್ಚು ನೀರಿನ ರೇಣುಕಾ ಸಾಗರ ಅದು. ನದಿ ಖರೆ, ಅದಕ್ಕೊಂದು ಆಕಾರ ಕೊಟ್ಟಿದ್ದೇವೆ. ಅಲ್ಲಿಂದ ಕಾಲುವೆಗಳು ಹೋಗಿ ಎರೆ ಹೊಲಗಳು ಹಸಿರಾದವು. ಆ ಹಸಿರನ್ನು ಸಹಜವೋ ಕೊಟ್ಟದ್ದೋ ಎಂದು ಯಾರೂ ಕೇಳುವುದಿಲ್ಲ.

ನಾನು ಕೇಳಬೇಕು ಎನ್ನುತ್ತೇನೆ. ಹಸಿರನ್ನು ಹಳಿಯುವುದಕ್ಕಲ್ಲ, ನಾನೂ ಆ ನೀರಿನ ಅನ್ನವನ್ನೇ ಉಂಡು ಬೆಳೆದವನು. ಧಾರವಾಡದ ನನ್ನ ಹಾಸ್ಟೆಲಿನ ನಳದಲ್ಲಿ ಬರುವುದೂ ಇದೇ ನೀರು. ಆದರೆ ಅದಕ್ಕೂ ಒಂದು ಚೀಟಿ ಇದೆ. ನೀರಿನ ಕೆಳಗೆ ಹೋದ ಹೊಲ-ಮನೆಗಳ ಲೆಕ್ಕ ಆ ಚೀಟಿಯಲ್ಲಿರಬೇಕು. ನೀರು ಬಂದದ್ದರಿಂದ ನಿಮ್ಮ ಭೂಮಿಯ ಬೆಲೆ ಏರಿದೆ ಎಂದು ಸರ್ಕಾರ ಅಭಿವೃದ್ಧಿ ಕರ ಹೇರಿದ್ದು, 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ಪ್ರತಿಭಟಿಸಿದ ರೈತರ ಮೇಲೆ ಗೋಲಿಬಾರಾದದ್ದೂ ಅದರಲ್ಲಿರಬೇಕು. ಜೋಳದ ತೆನೆಯನ್ನು ಯಾವ ಪ್ರಯೋಗಾಲಯದಲ್ಲಿ ತಣಿಸಿ ನೋಡಿದರೂ ಇದು ಕಾಣುವುದಿಲ್ಲ. ಕಾಣದ್ದೆಲ್ಲ ನಡೆದಿಲ್ಲ ಎಂದಾಗುವುದಿಲ್ಲವಲ್ಲ. ಕಾಕಾ ‘ಸಹಜ’ ಎಂದು ಬೆಲೆ ಕಟ್ಟುತ್ತಿರುವುದು ಕಲ್ಲಿನ ಗುಣಕ್ಕಲ್ಲ, ಅದರ ಇತಿಹಾಸಕ್ಕೆ. ಇತಿಹಾಸಕ್ಕೆ ಬೆಲೆ ಕಟ್ಟುವುದು ತಪ್ಪೂ ಅಲ್ಲ. ಒಂದೇ ಕಡೆ ಕೇಳಿ ಇನ್ನೊಂದು ಕಡೆ ಸುಮ್ಮನಿರುವುದು ನನಗೆ ಸರಿಕಾಣುವುದಿಲ್ಲ.

ಇಷ್ಟರವರೆಗೆ ನನಗೆ ಹಾದಿ ಸುಗಮವಾಗಿಯೇ ಇತ್ತು. ತೊಡಕಾದದ್ದು ಹಳೆಯ ರತ್ನಶಾಸ್ತ್ರ ಓದಿದಾಗ. ಸುಮಾರು ಆರನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ವಜ್ರಗಳನ್ನು ಬಣ್ಣದ ಮೇಲೆ ವಿಂಗಡಿಸಿ, ಬಿಳಿಯದು ಬ್ರಾಹ್ಮಣರಿಗೆ, ಕೆಂಪು-ಹಳದಿ ಕ್ಷತ್ರಿಯರಿಗೆ, ಶಿರೀಷದ ಹೂವಿನ ಬಣ್ಣದ್ದು ವೈಶ್ಯರಿಗೆ, ಕತ್ತಿಯ ಕಪ್ಪಿನದು ಶೂದ್ರರಿಗೆ ಎನ್ನುತ್ತಾನೆ. ವರ್ಣ ಎಂಬ ಒಂದೇ ಪದ ಎರಡೂ ಕೆಲಸ ಮಾಡುತ್ತದೆ. ಕಂದು ಕಲ್ಲು ಯಂತ್ರದೊಳಗೆ ಹೋಗಿ ಬಿಳಿಯಾಗಿ ಬಂದದ್ದನ್ನು ಕಂಡಿದ್ದರೆ ಅವನು ಏನು ಮಾಡುತ್ತಿದ್ದನೋ. ಇಂದಿನ ಪೇಟೆ ಏನು ಮಾಡುತ್ತದೆ ಎಂಬುದು ಗೊತ್ತಿದೆ: ಈಗ ಬಿಳಿಯಾಗಿದ್ದೀಯ, ಸರಿ, ಹುಟ್ಟುವಾಗ ಏನಾಗಿದ್ದೆ ಹೇಳು ಎನ್ನುತ್ತದೆ. ಈ ಪ್ರಶ್ನೆಯ ದನಿ ನಮಗೆ ಚೆನ್ನಾಗಿ ಪರಿಚಯವಿದೆ. ಹುಟ್ಟನ್ನು ಕೇಳಬಾರದು ಎಂದು ಕಲಿಸಿದ ಶರಣರ ಕೂಡಲಸಂಗಮ ಇದೇ ಮಲಪ್ರಭೆ ಹೋಗಿ ಕೃಷ್ಣೆಗೆ ಸೇರುವ ಜಾಗ. ಹಾಗಿರುವಾಗ ವಜ್ರದ ಮೂಲ ಹೇಳಲೇಬೇಕು ಎಂದು ವಾದಿಸುತ್ತಿರುವ ನಾನು ಯಾರ ಭಾಷೆ ಆಡುತ್ತಿದ್ದೇನೆ?

ಕಲ್ಲು ಮನುಷ್ಯನಲ್ಲ, ಕಲ್ಲಿಗೆ ಅವಮಾನವಾಗುವುದಿಲ್ಲ ಎಂಬ ಉತ್ತರ ಸಿದ್ಧವಾಗಿಯೇ ಇದೆ. ಅದು ನನಗೆ ಸಾಲದು. ಸಾಲದೆನ್ನಲು ಕಾರಣ ಬೆಂಗಳೂರಿನ ಒಬ್ಬ ಸಂಶೋಧಕಿ, ಅನ್ನಾ ಮಣಿ. 1940ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯಕ್ಕೆ ಸೇರಿದ ಆಕೆ ಮೂವತ್ತಕ್ಕೂ ಹೆಚ್ಚು ವಜ್ರಗಳು ಹೀರುವ, ಸೂಸುವ ಬೆಳಕನ್ನು ಅಳೆದರು. ವಜ್ರಗಳ ಮೇಲೆ ರಾಮನ್ ಅವರಿಗೆ ಹುಚ್ಚು ಪ್ರೀತಿ, ನೂರಾರು ಕಲ್ಲುಗಳನ್ನು ಕೂಡಿಹಾಕಿದ್ದರು. ಹರಳನ್ನು ದ್ರವ ವಾಯುವಿನ ತಂಪಿನಲ್ಲಿಟ್ಟು, ಅದರ ಮಂದ ಬೆಳಕು ಫೋಟೋ ಫಲಕದ ಮೇಲೆ ಮೂಡಲು ಹದಿನೈದು ಇಪ್ಪತ್ತು ತಾಸು ಕಾಯುವ ಕೆಲಸ ಅದು. ಇಂದು ಬಣ್ಣ ಕೊಟ್ಟ ವಜ್ರವನ್ನು ಪತ್ತೆಹಚ್ಚುವವರು ಓದುವುದು ಅದೇ ಜಾತಿಯ ಬೆಳಕನ್ನು. 1942ರಿಂದ 1945ರ ನಡುವೆ ತಮ್ಮೊಬ್ಬರದೇ ಹೆಸರಿನಲ್ಲಿ ಐದು ಪ್ರಬಂಧ ಪ್ರಕಟಿಸಿ, 1945ರಲ್ಲಿ ಪಿಎಚ್.ಡಿ.ಗಾಗಿ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಆ ಮಹಾಪ್ರಬಂಧದ ಪ್ರತಿ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಮಹಾಪ್ರಬಂಧಗಳ ಪಕ್ಕದಲ್ಲಿ ಉಳಿದುಕೊಂಡಿತು. ಆಕೆ ಮುಂದೆ ಹವಾಮಾನ ವಿಜ್ಞಾನದಲ್ಲಿ ದೊಡ್ಡ ಹೆಸರಾದರು, ಅದು ಬೇರೆ ಮಾತು. ಮಹಾಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಸಿಕ್ಕಿಕೊಂಡಿರುವ ನನಗೆ ಈ ಕಥೆ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಹೀಗೆ ಒಂದು ಕಡೆ ಚೀಟಿ ಕೊಡದಿರುವುದು ಅನ್ಯಾಯ, ಇನ್ನೊಂದು ಕಡೆ ಚೀಟಿ ಕೇಳಿದ್ದೇ ಅನ್ಯಾಯ. ಎರಡನ್ನೂ ನಾನು ಒಪ್ಪುತ್ತೇನಾದರೆ ಗೆರೆ ಎಲ್ಲಿ ಎಳೆಯಬೇಕು? ನನಗೆ ಸದ್ಯಕ್ಕೆ ತೋಚುವುದು ಇಷ್ಟು. ಅನ್ನಾ ಮಣಿಯವರ ಕೆಲಸ ಪರೀಕ್ಷಿಸುವವರ ಕಣ್ಣೆದುರಿಗಿತ್ತು. ಫಲಕಗಳಿದ್ದವು, ಅಳತೆಗಳಿದ್ದವು, ಅಚ್ಚಾದ ಪ್ರಬಂಧಗಳಿದ್ದವು. ನೋಡಬಹುದಾದದ್ದನ್ನು ನೋಡದೆ ಅವರು ಹಳೆಯ ಕಾಗದ ಕೇಳಿದರು. ಅಲ್ಲಿ ಕಾಗದ ಕೆಲಸವನ್ನು ಮರೆಮಾಡಿತು. ಅಕ್ಕನ ಉಂಗುರದಲ್ಲಿ ಪ್ರಶ್ನೆ ತಿರುಗಮುರುಗ. ಎಷ್ಟು ದಿಟ್ಟಿಸಿ ನೋಡಿದರೂ ಬರಿಗಣ್ಣಿಗೆ ಕಾಣದ ಸಂಗತಿ ಅದು. ಅದು ಒಬ್ಬರಿಗೆ ಗೊತ್ತಿದೆ, ಇನ್ನೊಬ್ಬರು ಅವರ ಮಾತನ್ನೇ ನಂಬಬೇಕಾಗಿದೆ. ಅಲ್ಲಿ ಹೇಳುವುದು ಋಣ. ವಜ್ರದ ಇತಿಹಾಸ ಕೇಳುವುದರಲ್ಲಿ ದೋಷವಿಲ್ಲ, ಆ ಇತಿಹಾಸವನ್ನು ಕೂಡಲೇ ಅಂತಸ್ತಾಗಿ ಬದಲಿಸುವ ಆತುರದಲ್ಲಿದೆ. ಕಾಕಾ ಚೀಟಿ ಓದಿದ್ದು ಸರಿ, ಓದಿದೊಡನೆ ಖೊಟ್ಟಿ ಅಂದದ್ದಕ್ಕೆ ನನ್ನ ತಕರಾರು. ಪೇಟೆಗೆ ಇವೆರಡನ್ನು ಬೇರೆ ಮಾಡಲು ಬರುವುದಿಲ್ಲ, ಬೆಲೆ ಹಾಕುವುದೇ ಅದರ ಕೆಲಸ. ಮನೆಯಲ್ಲಿ ನಾವು ಮಾಡಬಹುದು.

ಈ ಗೆರೆಗೂ ಅಂಚಿನಲ್ಲೊಂದು ಕಷ್ಟವಿದೆ. ಕೆಲವು ಹಸಿರು ವಜ್ರಗಳ ವಿಷಯದಲ್ಲಿ ಜಗತ್ತಿನ ಅತ್ಯುತ್ತಮ ಪ್ರಯೋಗಾಲಯಗಳಿಗೂ ವಿಕಿರಣ ಭೂಮಿಯದೋ ಯಂತ್ರದ್ದೋ ಎಂದು ಹೇಳಲು ಆಗುವುದಿಲ್ಲ. ಆಗ ಮಾರುವವನಿಗೂ ಗೊತ್ತಿಲ್ಲ, ಕೊಳ್ಳುವವಳಿಗೂ ಗೊತ್ತಿಲ್ಲ, ಪರೀಕ್ಷಿಸಿದವರಿಗೂ ಗೊತ್ತಿಲ್ಲ. ಜಾತ್ರೆಯ ಗಾಜಿನ ಉಂಗುರದ ಹಾಗೆ ಇಲ್ಲಿಯೂ ಎಲ್ಲರೂ ಸಮಾನರು, ಆದರೆ ತಿಳಿವಿನಲ್ಲಲ್ಲ, ಕತ್ತಲಲ್ಲಿ. ಅಂಥ ಕಲ್ಲಿನ ವರದಿಯಲ್ಲಿ ಬಣ್ಣದ ಮೂಲ ಎಂಬ ಸಾಲಿನ ಮುಂದೆ ‘ನಿರ್ಧರಿಸಲಾಗಿಲ್ಲ’ ಎಂದು ಬರೆದು ಕೊಡುತ್ತಾರೆ. ಖರೆ-ಖೊಟ್ಟಿಗಳ ಜೊತೆಗೆ ನಮ್ಮ ಪತ್ತಾರರ ಮಾತಿನಲ್ಲಿ ಇದಕ್ಕೊಂದು ಪದ ಏನಿರಬಹುದು ಎಂದು ಮೊನ್ನೆ ಮುನವಳ್ಳಿಗೆ ಹೋದಾಗ ಕೇಳಿದೆ. ಅವರು ಸಣಿಗೆಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. “ಅಂಥಾದ್ದು ಬಂದ್ರ ಬಂದಂಗ ಇಟ್ಕೋರಿ ಅಂತೀನಿ, ಬೆಂಕಿ ಮಾತ್ರ ಹಚ್ಚೂದಿಲ್ಲ” ಎಂದು ಮತ್ತೆ ಕೆಲಸಕ್ಕೆ ಬಾಗಿದರು.